ದೋಣಿಯವನ ನಂಬರು ಕೇಳಿ ತಂದ ಉನಾಯ್ಸಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ದ್ವೀಪದೂರು ಲೆವುಕಾದ ಕಡಲಬೀದಿಯಲ್ಲಿ, ಹಡಗುಕಟ್ಟೆಗೆ ಹೊರಟ ಬಸ್ಸು ಗುರುಗುಡುತ್ತ ನಿಂತಿದೆ. ಗಾಜಿಲ್ಲದ ಕಿಟಕಿಯಿಂದ ಒಂದು ಕೈ ಹೊರಬಂದು ಫೋನು ಚಾಚುತ್ತದೆ. ಕೆಳಗೆ ನಿಂತ ಉನಾಯ್ಸಿ ಅದನ್ನು ಇಸಿದುಕೊಂಡು, ತೆಂಗಿನ ಗರಿಯ ಕಡ್ಡಿಯೊಂದನ್ನು ಜಡೆಯಿಂದ ಎಳೆದು, ಚಾರ್ಜರಿನ ತೂತಿನೊಳಗೆ ಮೆಲ್ಲಗೆ ಆಡಿಸುತ್ತಾರೆ. ಬಿಳಿ ಪುಡಿ ಉದುರುತ್ತದೆ.

“ಸಮುದ್ರಕ್ಕೆ ತಗೊಂಡು ಹೋಗಿದ್ಯಾ?”

“ನೀರು ಒಳಗೆ ಹೋಗಲ್ಲ ಅಂತ ಡಬ್ಬದ ಮೇಲೆ ಬರ್ದಿತ್ತಲ್ಲಕ್ಕಾ.”

“ನೀರು ಅಂತ ಬರ್ದಿದ್ದಾರೆ ಕಣೋ. ಸಮುದ್ರ ಅಂತ ಬರ್ದಿಲ್ಲ.”

ಬಸ್ಸಿಗೆ ಬಸ್ಸೇ ನಗುತ್ತದೆ. ಫೋನು ಕಿಟಕಿಗೆ ವಾಪಸು ಹೋಗುತ್ತದೆ, ಅದರ ಬದಲಿಗೆ ಬೇಯಿಸಿದ ಮರಗೆಣಸಿನ ಪೊಟ್ಟಣವೊಂದು ಕೆಳಗಿಳಿಯುತ್ತದೆ. ಬಸ್ಸು ಹೊರಟ ಮೇಲೆ ಉನಾಯ್ಸಿ ದರ್ಜಿ ಅಂಗಡಿಯ ಜಗಲಿಗೆ ಬಂದು ತಮ್ಮ ಫೋನ್ ರಿಪೇರಿ ಮೇಜಿನ ಮೇಲಿನ ಬಟ್ಟೆ ಸರಿಸುತ್ತಾರೆ. ಅವರ ದಿನ ಶುರುವಾಗುವುದು ಹೀಗೆ.

ಮೀನಿನ ಡಬ್ಬಿ ಕಾರ್ಖಾನೆಯಲ್ಲಿ ಹೆಪ್ಪುಗಟ್ಟಿದ ಮೀನು ಹಿಸಿಯುತ್ತಲೇ ಅವರ ಅರ್ಧ ಆಯಸ್ಸು ಕಳೆದಿದೆ. ಜೊತೆಯ ಹೆಂಗಸರ ಫೋನುಗಳು ಆಗಾಗ ಉಪ್ಪುನೀರಿನ ತೊಟ್ಟಿಗೆ ಬೀಳುತ್ತಿದ್ದವು. ಊಟದ ಬಿಡುವಿನಲ್ಲಿ ಅವನ್ನು ಬಿಚ್ಚಿ ಒಣಗಿಸುವುದು ಉನಾಯ್ಸಿಯ ಕೆಲಸವಾಯಿತು. ಥಂಡಿಗೆ ಬೆರಳ ತುದಿಗಳು ಜೋಮು ಹಿಡಿದು, ಚೂರಿ ತಾಗಿದ್ದೂ ತಿಳಿಯದಂತಾದಾಗ ಕಾರ್ಖಾನೆ ಬಿಟ್ಟರು. ಇವತ್ತಿಗೂ ಸಣ್ಣ ಸ್ಕ್ರೂಗಳನ್ನು ಅವರು ತುಟಿಯಲ್ಲಿ ಹಿಡಿದುಕೊಳ್ಳುತ್ತಾರೆ, ಬೆರಳನ್ನು ನಂಬುವುದಿಲ್ಲ.

“ಹೊಸ ಫೋನಿಗೆ ಬೆರಳು ಒತ್ತಿದ್ರೆ ನೀನ್ಯಾರು ಅಂತ ಕೇಳತ್ತೆ,” ಎನ್ನುತ್ತಾರೆ. “ನನ್ನ ಬೆರಳಿನ ಗೆರೆಯೆಲ್ಲ ಮೀನಿನ ಡಬ್ಬಿಯೊಳಗೆ ಹೋಯ್ತು. ಯಾರೋ ತಿಂದಿರ್ತಾರೆ ಬಿಡಿ.”

ಹೊಸ ಫೋನುಗಳು ಇಲ್ಲಿಗೆ ಅಂಗಡಿಯಿಂದ ಬರುವುದಕ್ಕಿಂತ ಹೆಚ್ಚಾಗಿ ನೆಂಟರ ಕೈಚೀಲದಲ್ಲಿ ಬರುತ್ತವೆ. ಪ್ರತಿ ಸಲ ಬಂದದ್ದು ಹಿಂದಿನದಕ್ಕಿಂತ ತೆಳ್ಳಗೆ, ನುಣ್ಣಗೆ, ಬೆನ್ನ ಮೇಲೆ ಮಾತ್ರ ಕ್ಯಾಮೆರಾದ ಗೂನು ಇನ್ನಷ್ಟು ಉಬ್ಬಿಕೊಂಡು. ಚಿತ್ರಗಳೇನೋ ಕಣ್ಣಿಗೆ ಹಬ್ಬ. ಉನಾಯ್ಸಿ ಅದನ್ನು ಧಾರಾಳವಾಗಿ ಒಪ್ಪುತ್ತಾರೆ. ಅವರ ತಕರಾರು ತೂತುಗಳ ಬಗ್ಗೆ. ಮೊದಲು ಹಾಡು ಕೇಳುವ ವಯರಿನ ತೂತು ಹೋಯಿತು. ಆಮೇಲೆ ಒತ್ತುವ ಗುಂಡಿ ಹೋಗಿ, ಮುಖ ತೋರಿಸು ಅಂದಿತು. ಬೆನ್ನಿನ ಮುಚ್ಚಳಕ್ಕೆ ಅಂಟು ಬಿತ್ತು, ಬ್ಯಾಟರಿ ಒಳಗೇ ಉಳಿಯಿತು. ಅದಕ್ಕೂ ಅವರು ಹೆದರಲಿಲ್ಲ. ನೆಲದ ಒಲೆಯಲ್ಲಿ ಗೆಣಸು ಬೇಯಿಸುವ ಕಲ್ಲನ್ನು ಹದವಾಗಿ ಬಿಸಿ ಮಾಡಿ, ಬಟ್ಟೆಯಲ್ಲಿ ಸುತ್ತಿ ಫೋನಿನ ಬೆನ್ನಿಗೆ ಕಾವು ಕೊಟ್ಟು ಅಂಟು ಬಿಡಿಸಿದರು. ಬಾಣಂತಿಗೆ ಶಾಖ ಕೊಟ್ಟ ಹಾಗೆ ಕೊಡಬೇಕಂತೆ, ಅವಸರ ಕೂಡದು.

ಕೊನೆಗೆ ಸಿಮ್ ಹಾಕುವ ತೂತೂ ಮಾಯವಾಯಿತು. ನಂಬರು ಫೋನಿನ ಒಳಗೇ ಸೇರಿಕೊಂಡಿತು. ಆ ಫೋನಿನ ಮುಂದೆ ಅವರ ಕಾವೂ ನಡೆಯಲಿಲ್ಲ, ಕಡ್ಡಿಯೂ ನಡೆಯಲಿಲ್ಲ. ಉನಾಯ್ಸಿಯ ಅಕ್ಕನ ಮಗ ಸೈಮೋನಿ ಸಿಕ್ಕಿಬಿದ್ದದ್ದು ಅಲ್ಲಿಯೇ.

ಸೈಮೋನಿ ಎದುರಿನ ಮೊತುರಿಕಿ ದ್ವೀಪದ ದೋಣಿಯವನು. ಜ್ವರ, ಹೆರಿಗೆ, ಸಾವು, ಮದುವೆ ಏನೇ ಇದ್ದರೂ ಅಲ್ಲಿಯ ಜನ ಕರೆಯುವುದು ಅವನನ್ನೇ. ಅವನ ನಂಬರು ಮುದುಕಿಯರಿಗೂ ಬಾಯಿಪಾಠ. ಆಸ್ಟ್ರೇಲಿಯಾದ ಹಣ್ಣಿನ ತೋಟದಲ್ಲಿ ದುಡಿಯುವ ತಮ್ಮ ಅವನಿಗೊಂದು ಹೊಸ ಫೋನು ತಂದುಕೊಟ್ಟ. ಸೈಮೋನಿ ರಾಜಧಾನಿ ಸುವಾಕ್ಕೆ ಹೋಗಿ ನಂಬರನ್ನು ಅದರೊಳಗೆ ಹಾಕಿಸಿಕೊಂಡ. ಆ ಫೋನಿನ ಮೇಲೆ, ಅಲ್ಲಿಯೇ ಬ್ರೆಡ್ಡಿನ ಭಟ್ಟಿಯಲ್ಲಿ ಕೆಲಸಕ್ಕಿದ್ದ ಸೋದರಮಾವನ ಮಗ ಅಪಿಸಾಯಿಯ ಕಣ್ಣು ಬಿತ್ತು.

“ಬಾವ, ಈ ಫೋನು ನಂಗಿರ್ಲಿ,” ಎಂದ ಅಪಿಸಾಯಿ.

ಇಲ್ಲಿ ಇದಕ್ಕೆ ಕೆರೆಕೆರೆ ಎನ್ನುತ್ತಾರೆ. ನೀರಿನ ಕೆರೆಗೂ ಇದಕ್ಕೂ ನಂಟಿಲ್ಲ. ನೆಂಟನಾದವನು ಬಾಯಿಬಿಟ್ಟು ಕೇಳಿದರೆ ಇಲ್ಲ ಎನ್ನುವಂತಿಲ್ಲ, ಕೊಟ್ಟ ಮೇಲೆ ವಾಪಸು ಕೇಳುವಂತೆಯೂ ಇಲ್ಲ. ಸೈಮೋನಿ ಕೊಟ್ಟ. ಕೊಡುವ ಮುನ್ನ ಸಿಮ್ ತೆಗೆಯೋಣವೆಂದು ಫೋನಿನ ನಾಲ್ಕೂ ಅಂಚು ಸವರಿದ, ತೂತು ಸಿಗಲಿಲ್ಲ. ಹೊಸ ಫೋನು, ಹೊಸ ಪದ್ಧತಿ, ನಂಬರು ತಾನಾಗಿಯೇ ಹಳೆಯ ಫೋನಿಗೆ ಮರಳುತ್ತದೆ ಅಂದುಕೊಂಡು ಮನೆಗೆ ಬಂದ. ದಿನವಿಡೀ ಒಂದು ಕರೆಯೂ ಬಾರದಿದ್ದಾಗ, ಊರಿಗೆ ಊರೇ ಆರೋಗ್ಯವಾಗಿದೆ ಎಂದು ನೆಮ್ಮದಿಯಾಗಿ ಬಲೆ ಹೆಣೆಯುತ್ತ ಕೂತ.

ಕರೆಗಳೆಲ್ಲ ಸುವಾದಲ್ಲಿ, ಬ್ರೆಡ್ಡಿನ ಭಟ್ಟಿಯ ಮುಂದೆ ನಿಂತ ಅಪಿಸಾಯಿಗೆ ಹೋಗುತ್ತಿದ್ದವು. ಬಾವ ಮೈದುನರಿಗೆ ಇಲ್ಲಿ ಹಾಸ್ಯ ಹುಟ್ಟಿನಿಂದ ಬಂದ ಹಕ್ಕು. ದೋಣಿ ತಾ ಎಂದು ಯಾರೋ ಕೂಗಿಕೊಂಡಾಗ, ಬಾವನೇ ಜನರನ್ನು ಎತ್ತಿಕಟ್ಟಿ ತನ್ನ ಕಾಲೆಳೆಯುತ್ತಿದ್ದಾನೆ ಎಂದುಕೊಂಡ ಅಪಿಸಾಯಿ. “ಈಜ್ಕೊಂಡು ಬನ್ನಿ, ಬಿಸಿ ಬ್ರೆಡ್ ಕೊಡ್ತೀನಿ,” ಎಂದು ಫೋನಿಟ್ಟ. ಆ ಕಡೆ ಕೂಗಿದವನು ಮೊತುರಿಕಿಯ ಇನ್ನೊಂದು ತುದಿಯಲ್ಲಿದ್ದ ಅಲುಮಿತಾಳ ಗಂಡ. ಅಲುಮಿತಾಗೆ ಚೊಚ್ಚಲ ಹೆರಿಗೆಯ ನೋವು. ಕಡಲದಂಡೆಯಲ್ಲಿ ಕಾಯುತ್ತಲೇ, ಮರಳ ಮೇಲೆ ಹಾಸಿದ ಚಾಪೆಯಲ್ಲಿ ಹೆಣ್ಣುಮಗು ಹುಟ್ಟಿತು. ತಾಯಿ ಮಗು ಉಳಿದದ್ದು ಪುಣ್ಯ. ಆದರೆ ಸೈಮೋನಿ ಚರ್ಚಿಗೆ ಬಂದಾಗ ಬೆಂಚಿನಲ್ಲಿ ಅವನ ಪಕ್ಕ ಯಾರೂ ಕೂರಲಿಲ್ಲ.

ವಿಷಯ ತಿಳಿದವನು ಚಿಕ್ಕಮ್ಮನ ಮೇಜಿಗೆ ಬಂದು ಕುಸಿದು ಕೂತ. ಉನಾಯ್ಸಿ ಅವನನ್ನು ಸುವಾದ ಫೋನ್ ಕಂಪನಿಯ ಕಚೇರಿಗೆ ಕರೆದೊಯ್ದರು. ಕೌಂಟರಿನ ಹುಡುಗಿ ಒಳ್ಳೆಯವಳು. ನಂಬರು ನಿಮ್ಮ ಹೆಸರಿನಲ್ಲೇ ಇದೆ, ಸಹಿ ಹಾಕಿ, ಈಗಲೇ ಆ ಫೋನಿನಿಂದ ಕಿತ್ತು ಹಳೆಯ ಫೋನಿಗೆ ಸಿಮ್ ಮಾಡಿಕೊಡುತ್ತೇನೆ ಎಂದಳು. ಸೈಮೋನಿ ಪೆನ್ನು ಕೆಳಗಿಟ್ಟ.

“ಅವನನ್ನ ಕೇಳ್ದೇನೇ? ಕೊಟ್ಟಿದ್ದನ್ನ ಹಿಂದಿನಿಂದ ಕಿತ್ಕೊಂಡ ಹಾಗಲ್ವಾ ಚಿಕ್ಕಮ್ಮ?”

“ಹಾಗಾದ್ರೆ ಮುಂದೆ ಹೋಗಿ ಕೇಳು.”

“ಕೊಟ್ಟಿದ್ದನ್ನ ವಾಪಸ್ ಹೇಗೆ ಕೇಳ್ಲಿ? ಮುಖ ಎಲ್ಲಿ ಇಟ್ಕೊಳ್ಲಿ?”

ಉನಾಯ್ಸಿ ಆ ಪೆನ್ನನ್ನು ಹುಡುಗಿಗೆ ವಾಪಸು ಕೊಟ್ಟರು. ರಿಪೇರಿಯ ದಾರಿ ಅವರಿಗೆ ಹೊಳೆದದ್ದು ಆಗಲೇ. ಮಾರುಕಟ್ಟೆಗೆ ಹೋಗಿ ಏನಾದರೂ ಬೇಡುವಾಗ ಇಲ್ಲಿ ಕಾಣಿಕೆಯಾಗಿ ಮುಂದಿಡುವ ಯಂಗೋನಾ ಬೇರಿನ ಒಂದು ಕಟ್ಟು ಕೊಂಡರು, ಸೈಮೋನಿಯನ್ನು ಕರೆದುಕೊಂಡು ತಮ್ಮ ಅಣ್ಣನ ಮಗ ಅಪಿಸಾಯಿಯ ಮನೆಗೆ ನಡೆದರು. ಹಿರಿಯರ ಮುಂದೆ ಕೂರುವಂತೆ ಚಾಪೆಯ ಮೇಲೆ ತಲೆ ತಗ್ಗಿಸಿ ಕೂತು ಬೇರಿನ ಕಟ್ಟನ್ನು ಅಪಿಸಾಯಿಯ ಮುಂದಿಟ್ಟರು. ಸೋದರತ್ತೆ ತನ್ನೆದುರು ಹೀಗೆ ಕೂತದ್ದು ಕಂಡು ಅವನು ಗಾಬರಿಯಾದ.

“ಅತ್ತೆ, ಇದೇನಿದು? ಏಳಿ ಮೇಲೆ.”

“ಫೋನು ನಿಂದೇ ಕಣಪ್ಪ, ಅದರ ಮಾತಿಲ್ಲ. ಸೈಮೋನಿ ನಿಂಗೆ ಫೋನು ಕೊಟ್ಟ, ನಂಬರು ಕೊಡ್ಲಿಲ್ಲ. ಅದು ಒಳಗೆ ಸಿಕ್ಹಾಕ್ಕೊಂಡು ಜೊತೆಗೇ ಬಂದ್ಬಿಟ್ಟಿದೆ. ಆ ನಂಬರನ್ನ ನಂಗೆ ಕೊಡು. ನಾನು ಕೆರೆಕೆರೆ ಕೇಳ್ತಿದೀನಿ.”

“ಬಾವನ ತಮಾಷೆ ಇನ್ನೂ ಮುಗಿದಿಲ್ವಾ?” ಎಂದು ಅವನು ನಗಲು ಹೊರಟ. ಉನಾಯ್ಸಿ ಮರಳ ಮೇಲೆ ಹುಟ್ಟಿದ ಮಗುವಿನ ವಿಷಯ ಹೇಳಿದರು.

“ಅದು ನಿಜವಾಗ್ಲೂ ಹೆರಿಗೆನಾ ಅತ್ತೆ? ನಾನು... ಬ್ರೆಡ್ ಕೊಡ್ತೀನಿ ಅಂದೆ.”

ಅವನು ಬೇರಿನ ಕಟ್ಟನ್ನು ಮುಟ್ಟಿ, ಅಂಗೈ ಗುಳಿ ಮಾಡಿ ಗಂಭೀರವಾಗಿ ಚಪ್ಪಾಳೆ ತಟ್ಟಿದ. ಒಪ್ಪಿದೆ ಎಂದು ಅರ್ಥ. ಫೋನನ್ನೂ ಒಯ್ಯಿರಿ ಎಂದು ಎಷ್ಟು ಬೇಡಿದರೂ ಸೈಮೋನಿ ಕೈಚಾಚಲಿಲ್ಲ. ಮರುದಿನ ಕೌಂಟರಿನಲ್ಲಿ ಮೂವರೂ ಸಾಲಾಗಿ ನಿಂತರು. ನಂಬರು ಉಗುರಿನಷ್ಟು ಪ್ಲಾಸ್ಟಿಕ್ ಚೂರಾಗಿ ಹಳೆಯ ಗುಂಡಿ ಫೋನಿಗೆ ಬಂತು. ಅಪಿಸಾಯಿ ತನ್ನ ಫೋನಿಗೆ ಬೇರೆ ನಂಬರು ಹಾಕಿಸಿಕೊಂಡ.

ವಾಪಸು ಬರುವ ಹಡಗಿನಲ್ಲಿ ಆ ಫೋನು ಹೊಡೆದುಕೊಂಡಿತು. ಅಲುಮಿತಾಳ ಅತ್ತೆ, ಮಗುವಿಗೆ ಸೂಜಿ ಹಾಕಿಸಲು ದೋಣಿ ಬೇಕಂತೆ.

“ಯಾರದು, ಬ್ರೆಡ್ಡಿನವನಾ, ದೋಣಿಯವನಾ?”

“ದೋಣಿಯವನೇ ಅಜ್ಜಿ. ದೋಣಿಯವನೇ,” ಎಂದ ಸೈಮೋನಿ. ಆಮೇಲೆ ಎಲ್ಲರೆದುರೇ ಅತ್ತುಬಿಟ್ಟ.

ಈಗ ಯಾರು ಹೊಸ ಫೋನು ತಂದರೂ ಉನಾಯ್ಸಿ ಮೊದಲು ಕೇಳುವುದು ಒಂದೇ ಮಾತು: ಇದನ್ನು ಇನ್ನೊಬ್ಬರಿಗೆ ಕೊಡುವ ಸಂದರ್ಭ ಬಂದರೆ ಏನು ಮಾಡುತ್ತೀಯ? ಜನ ನಗುತ್ತಾರೆ, ಆದರೂ ಒಳಗಿನ ನಂಬರು ಬಿಡಿಸಿಕೊಳ್ಳುವುದನ್ನು ಕೂತು ಕಲಿತುಕೊಂಡೇ ಹೋಗುತ್ತಾರೆ. ಈ ಪಾಠಕ್ಕೆ ಅವರು ಏನೂ ತೆಗೆದುಕೊಳ್ಳುವುದಿಲ್ಲ.

ಈ ಫೋನುಗಳನ್ನು ತಯಾರಿಸುವವರು ಎದುರಿಗೆ ಸಿಕ್ಕರೆ ಏನು ಹೇಳುತ್ತೀರಿ ಎಂದರೆ ಅವರು ತುಟಿಯಲ್ಲಿದ್ದ ಸ್ಕ್ರೂವನ್ನು ಅಂಗೈಗೆ ತೆಗೆದುಕೊಳ್ಳುತ್ತಾರೆ.

“ಬೈಯಲ್ಲಪ್ಪ. ಚೆನ್ನಾಗೇ ಮಾಡ್ತಾರೆ. ನಮ್ಮ ಹತ್ರ ಇದ್ದ ತೂತೆಲ್ಲ ಒಂದೊಂದಾಗಿ ತಗೊಂಡ್ರು. ಬಂದು ಕೇಳಿದ್ರೆ ನಾವೇ ಕೊಡ್ತಿದ್ವಿ, ಇಲ್ಲ ಅನ್ನೋ ಜನ ಅಲ್ಲ ನಾವು. ಅವರು ಕೇಳ್ಲೇ ಇಲ್ಲ.”