ಎರಡು ಸಲ ಕೊಯ್ದ ಗದ್ದೆ

ಆಗೆಲ್ಲ ಕಮಲಾಪುರಕ್ಕೆ ಬೇಸಿಗೆ ಬಂತೆಂದರೆ ಮಾವಿನಕಾಯಿಯ ಜೊತೆ ನಾರುಹುಣ್ಣೂ ಬರುತ್ತಿತ್ತು. ಮೆಟ್ಟಿಲು ಬಾವಿಯ ನೀರು ಕುಡಿದವರ ಕಾಲಲ್ಲಿ ಬೊಕ್ಕೆಯೆದ್ದು, ಅದರಿಂದ ದಾರದಂಥ ಹುಳು ತಲೆ ಹೊರಹಾಕುತ್ತಿತ್ತು. ಅದನ್ನು ಕಸಬರಿಗೆ ಕಡ್ಡಿಗೆ ದಿನಕ್ಕೊಂದು ಸುತ್ತು ಸುತ್ತಬೇಕು. ಅವಸರದಿಂದ ಎಳೆದರೆ ಒಳಗೇ ಹರಿದು ಕಾಲಲ್ಲಿ ಕೀವಾಗುತ್ತದೆ. ನನ್ನ ಒಂಬತ್ತನೆಯ ವಯಸ್ಸಿನಲ್ಲಿ ನಮ್ಮವ್ವನ ಕಾಲಿನ ಕಡ್ಡಿ ಸುತ್ತುವ ಕೆಲಸ ನನ್ನದಾಯಿತು. ಆ ಹುಣ್ಣಿಗೆ ಹಚ್ಚುತ್ತಿದ್ದ ಅರೆದ ಬೇವಿನೆಲೆಯ ವಾಸನೆ ಬಂದರೆ ಇವತ್ತಿಗೂ ನನ್ನ ಕೈ ನಿಧಾನವಾಗುತ್ತದೆ.

ಅಪ್ಪ ಸಂಡೂರಿನ ಗುಡ್ಡಕ್ಕೆ ಮ್ಯಾಂಗನೀಸ್ ಅಗೆಯಲು ಹೋಗಿದ್ದ. ಕಾಲುವೆ ಕೆಳಗಿನ ನಮ್ಮ ಒಂದೇ ಗದ್ದೆಯಲ್ಲಿ ನೆಲ್ಲು ಹಣ್ಣಾಗಿ ನಿಂತಿತ್ತು. ಒಂದು ಗಾಳಿಮಳೆ ಬಿದ್ದರೆ ಕಾಳೆಲ್ಲ ಉದುರಿ, ವರ್ಷದ ಕೂಳು ಮಣ್ಣುಪಾಲು. ಓಣಿಯಲ್ಲಿ ಅರ್ಧ ಜನ ಅವ್ವನಂತೆಯೇ ಕಾಲು ಚಾಚಿ ಕೂತಿದ್ದರು, ಉಳಿದವರು ತಮ್ಮ ತಮ್ಮ ಸುಗ್ಗಿಯಲ್ಲಿದ್ದರು. ಮೋಡ ಕಂಡಾಗಲೆಲ್ಲ ಅವ್ವ ಅಳುತ್ತಿದ್ದಳು. ನಾನು ಹರಳಾಟ ಬಿಟ್ಟು ಅವಳ ಪಕ್ಕ ಕೂರುತ್ತಿದ್ದೆ.

ಅಂಥ ಒಂದು ಬೆಳಿಗ್ಗೆ ಬಳ್ಳಾರಿಯ ಮಿಶನ್ ಶಾಲೆಯ ಆರು ಮಂದಿ ಹುಡುಗರು ಚಕ್ಕಡಿಯಲ್ಲಿ ಬಂದಿಳಿದರು. ರಜೆಯಲ್ಲಿ ಊರೂರು ತಿರುಗಿ ಔಷಧಿ ಹಂಚುವುದು, ಯೇಸುವಿನ ಹಾಡು ಹೇಳುವುದು ಅವರ ಪದ್ಧತಿ. ಅವರಲ್ಲಿ ದೊಡ್ಡವನು ಸಮುವೇಲ. ಅವ್ವನ ಹುಣ್ಣು ತೊಳೆದು ಬಟ್ಟೆ ಕಟ್ಟಿ, ಹಾರ್ಮೋನಿಯಂ ತೆಗೆದ.

"ಹಾಡು ಆಮ್ಯಾಲೆ ಕೇಳ್ತೀನಿ ತಮ್ಮಾ. ಗದ್ದ್ಯಾಗ ನೆಲ್ಲು ಉದುರಾಕತ್ತೈತಿ. ನಿಮಗ ಕುಡುಗೋಲು ಹಿಡಿಯಾಕ ಬರ್ತೈತೇನು?" ಎಂದಳು ಅವ್ವ.

ಅವನು ಪೆಟ್ಟಿಗೆ ಮುಚ್ಚಿದ. "ಬರಂಗಿಲ್ಲ ಅಕ್ಕಾರ. ಕುಡುಗೋಲು ಎಲ್ಲೈತಿ ಹೇಳ್ರಿ, ಕಲೀತೀವಿ."

ನಾನು ಗದ್ದೆ ತೋರಿಸಿದೆ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮಜ್ಜಿಗೆ ಹೊತ್ತು ಕೊಟ್ಟೆ. ಬೆವರು, ನೆಲ್ಲಿನ ಧೂಳು, ಅವರ ಕೈಯಿಂದ ಬರುವ ಔಷಧಿಯ ಘಾಟು. ನಡುನಡುವೆ ಹಾಡಿಕೊಂಡು ಸಂಜೆಗೆಲ್ಲ ಗದ್ದೆ ಮುಗಿಸಿದರು. ಕಟ್ಟುಗಳನ್ನು ಅಂಗಳಕ್ಕೆ ತಂದಿಳಿಸಿ, ಹೊಗಳಿಕೆಗೆ ಕಾದು ನಿಂತರು.

ಅವ್ವ ಒಂದು ಕಟ್ಟು ಎಳೆದು ನೋಡಿದಳು. ಪುಣ್ಯಾತ್ಮರು ನೆಟ್ಟಗೆ ನಿಂತೇ ಬರೀ ತೆನೆಗಳನ್ನು ಕೊಯ್ದು ತಂದಿದ್ದರು. ಮೊಳಕಾಲೆತ್ತರದ ಹುಲ್ಲು ಗದ್ದೆಯಲ್ಲೇ ನಿಂತಿತ್ತು.

"ಎತ್ತಿಗೇನು ಹಾಕಲಿ? ನಿಮ್ಮ ಹಾಡು ಹಾಕಲೇನು?" ಎಂದು ಹರಿಹಾಯ್ದಳು. "ಓದಿದೋರಿಗೆ ಬಗ್ಗಾಕ ಬರಂಗಿಲ್ಲೇನು?"

ಸಮುವೇಲನ ಅಂಗೈಯಲ್ಲಿ ಬೊಬ್ಬೆ ಒಡೆದು ರಕ್ತ ಬಂದಿತ್ತು. ಅದನ್ನು ನಾನು ನೋಡಿದೆ, ಅವ್ವ ನೋಡಲಿಲ್ಲ. ಅವನೂ ತೋರಿಸಲಿಲ್ಲ. "ತಪ್ಪಾತ್ರಿ" ಎಂದಷ್ಟೇ ಹೇಳಿ ಹುಡುಗರನ್ನು ಕರೆದುಕೊಂಡು ಹೋದ. ಮರುದಿನ ಅವರು ಕಂಪ್ಲಿಗೆ ಹೊರಡುವವರಿದ್ದರು. ಉಂಡ ರೊಟ್ಟಿಗಿಂತ ಬೈಗುಳವೇ ಹೆಚ್ಚಾಯಿತು, ಇನ್ನು ಅವರು ಈ ಕಡೆ ತಲೆ ಹಾಕುವುದಿಲ್ಲ ಎಂದುಕೊಂಡು ನನಗೆ ಅವ್ವನ ಮೇಲೆ ಸಿಟ್ಟು ಬಂತು. ಅವಳೂ ಆ ದಿನ ಉಣ್ಣಲಿಲ್ಲ.

ಬೆಳಿಗ್ಗೆ ಚಕ್ಕಡಿ ನಮ್ಮ ಬಾಗಿಲಿಗೇ ಬಂತು. ಅವ್ವನಿಗೆಂದು ಅದರಲ್ಲಿ ಹುಲ್ಲಿನ ಮೆತ್ತೆ ಹಾಸಿದ್ದರು.

"ಕಂಪ್ಲಿಗೆ ನಾಳೆ ಹೋಗ್ತೀವಿ. ನೀವು ಬದುವಿನ ಮ್ಯಾಲೆ ಕುಂತು ಹೇಳಿಕೊಡ್ರಿ ಅಕ್ಕಾರ, ಬಗ್ಗತೀವಿ" ಎಂದ ಸಮುವೇಲ.

ಅವ್ವ ಬದುವಿನ ಮೇಲೆ ಕಾಲು ಚಾಚಿ ಕೂತು ಇಡೀ ದಿನ ಬೈದಳು. ಆರೂ ಮಂದಿ ನೆಲಕ್ಕೆ ಮುಖ ತಾಗುವಷ್ಟು ಬಗ್ಗಿ, ಕೊಯ್ದ ಗದ್ದೆಯನ್ನೇ ಮತ್ತೆ ಕೊಯ್ದರು. ಮಧ್ಯಾಹ್ನ ಸಮುವೇಲನ ಕೈ ಕಂಡು ಅವಳು ಸೆರಗು ಹರಿದು ಕಟ್ಟಿದಳು. ಕೊನೆಯ ಹೊರೆ ಎದ್ದ ಮೇಲೆ, "ಈಗ ನಿಮ್ಮ ಹಾಡು ಹಾಡ್ರಪ್ಪಾ, ಕೇಳ್ತೀನಿ" ಎಂದಳು. ಹೊರಡುವಾಗ ಸಮುವೇಲ ತನ್ನ ಧೋತರದ ತುಂಡೊಂದನ್ನು ನನ್ನ ಕೈಗಿಟ್ಟು, ಅದನ್ನು ನಾಲ್ಕು ಮಡಿಕೆ ಮಾಡಿ ಕುಡಿಯುವ ನೀರನ್ನೆಲ್ಲ ಸೋಸಲು ಹೇಳಿದ. ಅವರು ಹೋದ ಮೂರನೆಯ ದಿನ ಗಾಳಿಮಳೆ ಬಂತು. ನಾವು ಒಳಗೆ ತೆನೆಗಳ ರಾಶಿಯ ಪಕ್ಕ ಬೆಚ್ಚಗೆ ಮಲಗಿದ್ದೆವು.

ಸೋಸಿದ ನೀರು ಕುಡಿದ ನನಗೆ ನಾರುಹುಣ್ಣು ಆಗಲೇ ಇಲ್ಲ. ಈಗಂತೂ ಮನೆಮನೆಗೂ ನಲ್ಲಿ, ಮೊಮ್ಮಕ್ಕಳು ಆ ಹುಳುವಿನ ಹೆಸರೇ ಕೇಳಿಲ್ಲ. ಅದು ತೊಲಗಿದ್ದು ದೊಡ್ಡ ಪುಣ್ಯ. ನನ್ನ ಮಂಡಿನೋವು ಕೇಳಿಕೊಂಡು ಹಣ್ಣು ಹಿಡಿದು ಬರುವ ಒಳ್ಳೆಯ ಜನ ಈಗಲೂ ಇದ್ದಾರೆ. ಆದರೆ ಅವರು ಮಾಡಿದ್ದು ತಪ್ಪಾದರೂ ನಾನು ಬೈಯುವುದಿಲ್ಲ. ಬೈದರೆ ಮರುದಿನ ಬರುವುದಿಲ್ಲ.