ಹರಿದ ಕಿವಿಯ ಹಂದಿ

ಸತ್ತವರು ಮಾತಾಡುತ್ತಾರೆ ಅಂತ ಯಾರಾದರೂ ಹೇಳಿದರೆ ನಾನು ನಕ್ಕುಬಿಡುತ್ತಿದ್ದೆ. ನೀವೂ ನಗುವವರಾದರೆ ನಗಿ, ನನ್ನ ತಕರಾರಿಲ್ಲ. ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ಡೋಣಿ ಎಂಬ ಊರಿನ ಹತ್ತಿರ, ಕಪ್ಪತಗುಡ್ಡದ ಬುಡಕ್ಕೆ ನಮ್ಮ ಹೊಲ. ಅಲ್ಲಿ ಜೋಳ ತೆನೆಗಟ್ಟಿದ್ದಾಗ ಬೆದೆಗೆ ಬಂದ ಗಂಡು ಕಾಡುಹಂದಿಯೊಂದು ನಮ್ಮಣ್ಣನ ತೊಡೆ ಸೀಳಿತು. ಅವನು ಬೀಸಿದ ಕುಡಗೋಲಿಗೆ ಅದರ ಬಲಗಿವಿ ಹರಿಯಿತು, ಅಷ್ಟೇ. ಗದಗದ ದವಾಖಾನೆ ಮುಟ್ಟುವ ಮೊದಲೇ ಅಣ್ಣ ಹೋದ. ಮಣ್ಣು ಮಾಡಿ ಬಂದ ದಿನವೇ ಆಣೆ ಮಾಡಿದೆ: ಆ ಹಂದಿ ಬೀಳುವ ತನಕ ಕಾಲಿಗೆ ಚಪ್ಪಲಿ ಹಾಕುವುದಿಲ್ಲ. ವರ್ಷವಿಡೀ ಬರಿಗಾಲಲ್ಲೇ ತಿರುಗಿದೆ. ಜಾಲಿಮುಳ್ಳು ಚುಚ್ಚಿದಾಗಲೆಲ್ಲ ಆ ಹಂದಿಯನ್ನು ನೆನೆದು ಹಲ್ಲು ಕಡಿಯುತ್ತಿದ್ದೆ. ಉಣ್ಣಲು ಕೂತರೂ ಆ ಹರಿದ ಕಿವಿಯೇ ಕಣ್ಣಮುಂದೆ.

ಮರುವರ್ಷ ಜೋಳ ತೆನೆಗಟ್ಟಿತು, ಹಂದಿಯೂ ಬಂತು. ಶಿರಹಟ್ಟಿಯ ಸೋದರಮಾವನ ಬಳಿ ಪರವಾನಗಿಯ ರೈಫಲ್ ಇತ್ತು. ಅವರಜ್ಜನ ಕಾಲದ್ದು, ಹೆಬ್ಬೆರಳ ಗಾತ್ರದ ಗುಂಡು. ಹಟ ಹಿಡಿದು ತಂದೆ. ಕೊಡುವಾಗ ಮಾವ ಒಂದೇ ಮಾತು ಹೇಳಿದ.

"ಹಿಂದ ಏನೈತಿ ನೋಡಿ ಹೊಡಿ ಲೇ. ಈ ಗುಂಡು ಹಂದ್ಯಾಗ ನಿಂದ್ರಂಗಿಲ್ಲ, ಹಾಯ್ದು ಹೋಗತೈತಿ."

ಸಿಟ್ಟಿನ ಕೈಗೆ ಬುದ್ಧಿ ಕೊಡಬಾರದು ಅಂತಾರೆ. ನಾನು ಆಗಲೇ ಕೊಟ್ಟಾಗಿತ್ತು.

ಬೆಳಕು ಹರಿಯುವ ಹೊತ್ತಿಗೆ ಬದುವಿನ ಮೇಲೆ ಬೋರಲು ಮಲಗಿದ್ದೆ. ಹೆಣ್ಣುಹಂದಿಯೊಂದರ ಬೆನ್ನುಹತ್ತಿ ಅದು ಜೋಳದಿಂದ ಹೊರಬಂತು. ಬಾಯಿತುಂಬ ನೊರೆ, ಕೋರೆ ಮಸೆಯುವ ಸಪ್ಪಳ. ಲೋಕದ ಖಬರೇ ಇರಲಿಲ್ಲ ಅದಕ್ಕೆ. ಬಲಗಿವಿ ಹರಿದಿತ್ತು. ಸಿಕ್ಕಿತಲ್ಲ ಮಗಂದು ಎಂದು ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಗುರಿ ಹಿಡಿದು ಹೊಡೆದೆ. ಭುಜ ಕಿತ್ತುಹೋದಂತಾಯಿತು.

ಹಂದಿ ಬೀಳಲಿಲ್ಲ. ಒಂದು ಹನಿ ರಕ್ತವೂ ಚೆಲ್ಲದೆ ಓಡಿಹೋಯಿತು. ಅದು ನಿಂತಿದ್ದ ಜಾಗದ ಹಿಂದೆ, ಜೋಳದೊಳಗಿಂದ ಹೆಂಗಸಿನ ದನಿ ಕೇಳಿತು.

ಓಡಿಹೋಗಿ ನೋಡಿದರೆ ಅಣ್ಣನ ಹೆಂಡತಿ, ನಮ್ಮ ವೈನಿ. ಕಾಲುದಾರಿಯಲ್ಲಿ ಕುಕ್ಕರಿಸಿ ಅಂಗಾಲು ಹಿಡಿದುಕೊಂಡಿದ್ದಳು. ಪಕ್ಕದಲ್ಲಿ ಹೊಸ ಚಪ್ಪಲಿಯ ಜೋಡಿ. ನನ್ನ ಆಣೆ ಬಿಡಿಸಬೇಕೆಂದು ನನಗಾಗಿ ಲಕ್ಷ್ಮೇಶ್ವರದ ಸಂತೆಯಲ್ಲಿ ಕೊಂಡಿದ್ದಳಂತೆ. ನಾನು ರೈಫಲ್ ಹಿಡಿದು ಹೋದೆನೆಂದು ತಿಳಿದು, ತಡೆಯಲು ಅಡ್ಡದಾರಿಯಿಂದ ಬಂದಿದ್ದಳು. ಅವಳ ಬೆನ್ನ ಹಿಂದಿನ ಬೇವಿನ ಗಿಡದಲ್ಲಿ, ನಿಂತಿದ್ದರೆ ಅವಳ ಎದೆ ಬರುವ ಮಟ್ಟಕ್ಕೆ, ಗುಂಡು ಹೊಕ್ಕಿತ್ತು.

"ನಿಮ್ಮಣ್ಣಾರು ಅಂದ್ರು ತಮ್ಮಾ," ಎಂದಳು. "'ತಡಿ, ಮುಳ್ಳ ಐತಿ' ಅಂದ್ರು. ನಾ ಬಗ್ಗಿ ಕಾಲು ನೋಡಿದೆ. ಆಗ ಸಪ್ಪಳಾತು."

ಹೊಲದ ದಾರಿಯಲ್ಲಿ ಅಣ್ಣ ಯಾವಾಗಲೂ ಅವಳಿಗೆ ಹಾಗೇ ಹೇಳುತ್ತಿದ್ದ. ನಾನು ಅವಳ ಅಂಗಾಲು ತಿರುಗಿಸಿ ನೋಡಿದೆ. ಮುಳ್ಳಿರಲಿಲ್ಲ.

ಭ್ರಮೆ ಅನ್ನಿ, ಆಗಲಿ. ಅದೇ ಗಳಿಗೆಗೇ ಯಾಕೆ ಬಂತು ಆ ಭ್ರಮೆ? ನನಗಿನ್ನೂ ತಿಳಿದಿಲ್ಲ. ರೈಫಲ್ ಮಾವನಿಗೆ ಮುಟ್ಟಿಸಿದೆ. ಸಿಟ್ಟು ನನ್ನ ಹತ್ತಿರವೇ ಉಳಿಯಿತು, ಈಗ ಅದರಲ್ಲಿ ಅರ್ಧ ಅಣ್ಣನ ಮೇಲೆ. ಹಂದಿ ಮತ್ತೆ ಕಂಡಿಲ್ಲ. ಹೊಸ ಚಪ್ಪಲಿ ಮೂಲೆಯಲ್ಲೇ ಇವೆ. ಅವನ ಸಲುವಾಗಿ ಇವತ್ತಿಗೂ ಬರಿಗಾಲಲ್ಲಿ ತಿರುಗುತ್ತಿರುವವನು ನಾನು. ಎಷ್ಟು ಮುಳ್ಳು ತುಳಿದಿದ್ದೇನೋ. ನನಗೆ ಒಮ್ಮೆಯೂ ಅವನು ತಡಿ ಅಂದಿಲ್ಲ.