ಟೆಸ್ಟ್ ಡ್ರೈವ್‌ಗೆ ಬಂದ ದೋಸೆ ಹಿಟ್ಟು

ಗೆಳೆಯರೇ, ಇವತ್ತು ವಡೋದರಾದ ಒಂದು ಕಾರ್ ಶೋರೂಮಿನಲ್ಲಿ ಪೆಟ್ರೋಲ್ ದುಂದಿನ ವಿರುದ್ಧ ನಾನು ಗೆದ್ದೆ.

ಇಲ್ಲಿನ ಫತೇಗಂಜ್‌ನಲ್ಲಿ ಉಡುಪಿ ಹೋಟೆಲ್ ನಡೆಸುವ ಅಪ್ಪನಿಗೆ ಎತ್ತರದ ಎಸ್‌ಯುವಿಯೇ ಬೇಕಿತ್ತು. ಕಡಿಮೆ ಪೆಟ್ರೋಲ್ ಕುಡಿಯುವ ಸೆಡಾನ್ ಸಾಕೆಂದು ನಾನು ಕರಪತ್ರಗಳನ್ನು ಓದಿ ಹೇಳಿದಾಗಲೆಲ್ಲ, "ಹೋಟೆಲಿನವರ ಗಾಡಿಗೆ ಒಂದು ಗತ್ತು ಬೇಡವಾ ಮಾರಾಯ್ತಿ?" ಎಂಬುದೊಂದೇ ಉತ್ತರ.

ಹಾಗಾಗಿ ಇವತ್ತು ಅಪ್ಪ ಅಮ್ಮನ ಜೊತೆ ಟೆಸ್ಟ್ ಡ್ರೈವ್‌ಗೆ ಹಿಟ್ಟಿನ ದೊಡ್ಡ ಪಾತ್ರೆಯನ್ನೂ ಹೊತ್ತೊಯ್ದೆ. ದಿನಾ ಬೆಳಿಗ್ಗೆ ನಮ್ಮ ಮನೆಯಿಂದ ಹೋಟೆಲಿಗೆ ಹೋಗುವ, ಚೆನ್ನಾಗಿ ಹುಳಿ ಬಂದ ದೋಸೆ ಹಿಟ್ಟು.

"ಯೇ ಕ್ಯಾ ಹೈ, ಬೆಹನ್?" ಎಂದ ಸೇಲ್ಸ್‌ಮನ್.

"ರೋಜ್ ಕಾ ಪ್ಯಾಸೆಂಜರ್" ಎಂದೆ, ದಿನಾ ಬರುವ ಪ್ರಯಾಣಿಕ ಅಂತ.

ಎಸ್‌ಯುವಿಯಲ್ಲಿ ಸಾಮಾನಿನ ಜಾಗಕ್ಕೂ ಸೀಟಿಗೂ ನಡುವೆ ಪೂರ್ತಿ ಗೋಡೆ ಇರುವುದಿಲ್ಲ. ಕಿಟಕಿ ಮುಚ್ಚಿ ಎಸಿ ಹಾಕಿ ಒಂದು ಸಿಗ್ನಲ್ ದಾಟುವಷ್ಟರಲ್ಲಿ ಹುಳಿ ವಾಸನೆ ಒಳಗೆಲ್ಲ ತುಂಬಿತು. ಅಮ್ಮ ಮೂಗಿಗೆ ಸೆರಗು ಹಿಡಿದು, "ಇದರಲ್ಲಿ ಮದುವೆಗೆ ಹೋದ್ರೆ ದೋಸೆ ಹಿಟ್ಟು ಅಂತ ನನ್ನನ್ನೇ ಕಾವಲಿಗೆ ಹೊಯ್ತಾರೆ" ಎಂದರು.

ಸೆಡಾನ್‌ನ ಡಿಕ್ಕಿ ಪ್ರತ್ಯೇಕ. ಅದೇ ಪಾತ್ರೆ, ಅದೇ ರಸ್ತೆ, ವಾಸನೆ ಮಾತ್ರ ಇಲ್ಲ. ಅಪ್ಪ ಸೇಲ್ಸ್‌ಮನ್ ಕಡೆ ತಿರುಗಿ, ಮೊದಲ ಸಲ ಮೈಲೇಜ್ ಕೇಳಿದರು: "ಎವರೇಜ್ ಕಿತನಾ ದೇತಿ ಹೈ?" ಉತ್ತರ ಕೇಳಿ ಮುಖ ಅರಳಿತು. ಸೆಡಾನ್ ಬುಕ್ ಆಯಿತು.

ಹೊರಗೆ ಬಂದವರೇ ಅಪ್ಪ ಸೂರತ್‌ನಲ್ಲಿರುವ ಚಿಕ್ಕಪ್ಪನಿಗೆ ಫೋನ್ ಮಾಡಿದರು. "ದೊಡ್ಡ ಗಾಡಿ ಎಂತಕ್ಕೆ ಮಾರಾಯಾ, ಪೆಟ್ರೋಲ್ ದಂಡ. ನಾನು ಮೊದಲೇ ಯೋಚನೆ ಮಾಡಿದ್ದೆ."

ಕ್ರಾಂತಿಯಾದ ಮೇಲೆ ಅದರ ನಾಯಕರು ಬದಲಾಗುತ್ತಾರೆಂದು ಓದಿದ್ದೆ. ನಮ್ಮಲ್ಲಿ ಶೋರೂಮಿನ ಪಾರ್ಕಿಂಗ್ ದಾಟುವ ಮುಂಚೆಯೇ ಬದಲಾದರು.